ಅತ್ತೆಯವರ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ

ಪ್ರಿಯ ಸಹೋದರಿಯವರಿಗೆ,

ಕರ್ತನಲ್ಲಿ ವಂದನೆಗಳು. ಗಂಗಾವತಿ ಹತ್ತಿರದ ನಿಮ್ಮ ರೈತ ಕ್ಯಾಂಪಿನಿಂದ ನೀವು ಕಳುಹಿಸಿದ ‘ಜ್ಞಾನದಲ್ಲಿಯೂ ನಂಬಿಕೆಯಲ್ಲಿಯೂ ಬೆಳೆಯೋಣ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಹಾಕಲಾರೆ. ಆದರೆ ಆರನೆಯ ಪುಟದ ನಾಲ್ಕು ಸಾಲುಗಳನ್ನು ಕೈಬಿಡಲೂ ಮನಸ್ಸಾಗುತ್ತಿಲ್ಲ. ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ರಾತ್ರಿ ಊಟವಾದ ಮೇಲೆ ಓದುಬರಹ ಬಾರದ ನಿಮ್ಮ ಅತ್ತೆಯವರಿಗೆ ನೀವು ಸತ್ಯವೇದ (ಬೈಬಲ್) ಓದಿ ಹೇಳುತ್ತೀರಿ. ಆ ಸಾಲುಗಳಲ್ಲಿ ಬರುವ ರಾತ್ರಿ ಓದಿದ್ದು ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯ. ಒಬ್ಬನು ಬೀಜ ಬಿತ್ತಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ನಲವತ್ತು ವರ್ಷ ಭತ್ತದ ನಾಟಿ ಮಾಡಿದ ಆ ತಾಯಿ ಥಟ್ಟನೆ ಕೇಳಿದರು: “ಬಿತ್ತಿದವನು ಮಲಗಿಬಿಟ್ಟರೆ ನೀರು ಹಾಯಿಸುವವರು ಯಾರಮ್ಮ? ಕಳೆ ತೆಗೆಯುವವರು ಯಾರು?”

ಓದುತ್ತಿದ್ದವನು ನೆಟ್ಟಗೆ ಕುಳಿತೆ. ನೀವೋ ಮುಂದಿನ ಸಾಲಿನಲ್ಲೇ ‘ಅವರಿಗೆ ಇದರ ಆತ್ಮಿಕ ಅರ್ಥವನ್ನು ವಿವರಿಸಿದೆ, ಅವರು ಬಹಳ ಸಂತೋಷಪಟ್ಟರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಏನು ವಿವರಿಸಿದಿರಿ? ಮನಸ್ಸು ನೋಯಿಸಲು ಹೇಳುತ್ತಿಲ್ಲ, ಆದರೆ ಆ ಸಾಲನ್ನು ನಾನು ನಂಬುವುದಿಲ್ಲ. ಆ ರಾತ್ರಿ ನಿಮಗೆ ಉತ್ತರ ಹೊಳೆದಿರಲಿಕ್ಕಿಲ್ಲ. ಹಾಗಿದ್ದರೆ ಹಾಗೆಯೇ ಬರೆಯಿರಿ. ಓದುಗರಿಗೆ ಬೇಕಾಗಿರುವುದು ಅದೇ. ನಾನು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದಾಗ ಒಬ್ಬ ಹುಡುಗನ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಟ್ಟು ಕೂರಿಸಿದೆ. ಅವನು ಮತ್ತೆ ಪ್ರಶ್ನೆ ಕೇಳಲೇ ಇಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಮೊದಲ ಐದು ಪುಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸತ್ಯವೇದದ 31 ವಚನಗಳಿವೆ, ಎಣಿಸಿದೆ. ನಡುನಡುವೆ ‘ಆತ್ಮಿಕ ಉನ್ನತಿ’, ‘ಆತ್ಮಿಕ ಶಿಖರ’ ಎಂಬ ಮಾತುಗಳಿವೆ. ಭಾನುವಾರದ ಪ್ರಸಂಗಗಳಲ್ಲಿ ಕೇಳಿ ಕೇಳಿ ಸವೆದುಹೋದ ಮಾತುಗಳು ಇವು, ಮನೆಯಲ್ಲಿ ಆಡುವ ಮಾತುಗಳಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಅವರೂ ಸತ್ಯವೇದವನ್ನು ಕನ್ನಡಕ್ಕೆ ತರಲು ಸುಮಾರು ಎರಡು ದಶಕ ದುಡಿದರು. ರೀವ್ ನಿಘಂಟನ್ನೂ ಕಟ್ಟಿದರು. ಇಲ್ಲಿಯವರು ಆಡುವ ಮಾತಿನಲ್ಲಿ ದೇವರ ವಾಕ್ಯ ಇಲ್ಲಿಯವರಿಗೆ ಕೇಳಿಸಬೇಕೆಂದು ಪಟ್ಟ ಪಾಡು ಅದು. ನಿಮ್ಮ ಅತ್ತೆಯವರಿಗೆ ಕೇಳಿಸಿದೆ, ನೋಡಿ. ಕೇಳಿಸಿದ್ದರಿಂದಲೇ ತಿರುಗಿ ಪ್ರಶ್ನಿಸಿದರು.

ಒಂದು ತಪ್ಪನ್ನು ಮಾತ್ರ ತಿದ್ದಲೇಬೇಕು. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನು ಪ್ರಶ್ನಿಸದೆ ನಂಬಿದರು ಎಂದಿದ್ದೀರಿ. ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯದ 11ನೆಯ ವಚನವನ್ನು ತೆರೆದು ನೋಡಿ. ಅವರು ವಾಕ್ಯವನ್ನು ಸಿದ್ಧಮನಸ್ಸಿನಿಂದ ಅಂಗೀಕರಿಸಿದರು, ನಿಜ; ಆದರೆ ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರಗಳನ್ನು ಶೋಧಿಸಿದರು. ಆ ಪುಸ್ತಕ ಬರೆದ ಲೂಕನು ಅವರನ್ನು ಹೊಗಳುವುದು ಅದಕ್ಕೇ. ‘ನಿಜವಾದ ವಿಶ್ವಾಸಿಗೆ ಅನುಮಾನವೇ ಬರುವುದಿಲ್ಲ’ ಎಂಬ ನಿಮ್ಮ ವಾಕ್ಯವನ್ನೂ ಹೊಡೆದುಹಾಕಿ. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿ ಮಗನನ್ನು ಕರೆತಂದ ತಂದೆ ಕಣ್ಣೆದುರಿಗೇ ಇದ್ದಾನೆ. ನಂಬುತ್ತೇನೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ನೆರವು ಬೇಡುತ್ತಾನೆ. ಯೇಸು ಅವನನ್ನು ಗದರಿಸಿ ಕಳುಹಿಸಲಿಲ್ಲ, ಮಗನನ್ನು ಗುಣಪಡಿಸಿದನು.

ಇನ್ನು ಏಳನೆಯ ಪುಟ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನಿಮ್ಮ ಸಭೆಯವರು ಪ್ರಾರ್ಥಿಸಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ಪ್ರಾರ್ಥಿಸಿದೆವು, ದೇವರು ಉತ್ತರ ಕೊಟ್ಟರು.’ ತುಂಬಿದ ಜಲಾಶಯದಿಂದ ನೀರು ಹರಿದುಹೋಗುತ್ತಿತ್ತು. ನಾಟಿ ಮಾಡಿದ ಗದ್ದೆಗೆ ಮುಂದೆ ಕಾಲುವೆ ನೀರು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಮನೆಮನೆಯಲ್ಲಿತ್ತು. ಸುಮಾರು ಒಂದು ವಾರದಲ್ಲಿ ತಜ್ಞರೂ ಕಾರ್ಮಿಕರೂ ಹರಿಯುವ ನೀರಿಗೇ ಉಕ್ಕಿನ ತಾತ್ಕಾಲಿಕ ಗೇಟನ್ನು ಇಳಿಸಿದರು. ನಿಮ್ಮ ಬರಹದಲ್ಲಿ ಅವರಿಲ್ಲ. ಅತ್ತೆಯವರು ಕೇಳಿದ್ದೂ ಇದನ್ನೇ ಅಲ್ಲವೇ? ಬೆಳೆಸುವವನು ದೇವರಾದರೆ ನೀರು ಹಾಯಿಸುವ ಕೈ ಯಾರದು? ಪೌಲನೂ ಕೊರಿಂಥದವರಿಗೆ ತಾನು ಸಸಿ ನೆಟ್ಟೆನು, ಜೊತೆಸೇವಕ ಅಪೊಲ್ಲೋಸನು ನೀರು ಹೊಯ್ದನು, ಬೆಳೆಸುತ್ತಾ ಬಂದವನು ದೇವರು ಎಂದು ಬರೆದನು. ಪ್ರಶ್ನೆ ಒಂದೇ, ನಿಮ್ಮ ಆರನೆಯ ಪುಟವೂ ಏಳನೆಯ ಪುಟವೂ ಒಂದನ್ನೊಂದು ಮುಟ್ಟದೆ ಕುಳಿತಿವೆ. ಅವುಗಳನ್ನು ಹೊಲಿಯಿರಿ. ಆ ವಾರ ನೀವು ಮೊಣಕಾಲೂರಿ ಕೇಳಿದ್ದೇನು, ಭಯವಾಗಿತ್ತೇ, ಅತ್ತೆಯವರು ಗದ್ದೆಯ ಬದುವಿಗೆ ಹೋಗಿ ನೀರು ನೋಡಿ ಬರುತ್ತಿದ್ದರೇ? ಜ್ಞಾನ ಬೆಳೆದದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ, ನಿಮ್ಮದೂ ಅವರದೂ.

ಎರಡು ಪುಟ ಸಾಕು. ಟೈಪ್ ಮಾಡಿಸುವ ಖರ್ಚು ಬೇಡ, ನಿಮ್ಮ ಕೈಬರಹ ದುಂಡಗಿದೆ. ವಚನಗಳು ಎರಡೋ ಮೂರೋ ಇರಲಿ. ಕೊನೆಯ ಪ್ಯಾರಾದಲ್ಲಿ ಓದುಗರಿಗೆ ಬುದ್ಧಿ ಹೇಳಬೇಡಿ.

ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಮಾರ್ಕನ ಆ ನಾಲ್ಕು ವಚನಗಳನ್ನು, 26ರಿಂದ 29ರವರೆಗೆ, ಅತ್ತೆಯವರಿಗೆ ಮತ್ತೊಮ್ಮೆ ಓದಿ ಹೇಳಿ. ಈ ಸಲ ವಿವರಿಸಬೇಡಿ. ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಲೇಖನ ಮುಗಿಯದಿದ್ದರೂ ಸರಿ, ಮೊದಲು ಅದನ್ನು ನನಗೆ ಕಳುಹಿಸಿ.

ಕರ್ತನ ಸೇವೆಯಲ್ಲಿ,
ಸಂಪಾದಕ
ಬಳ್ಳಾರಿ