ಹತ್ತಕ್ಕೆ ಒಂದು ಎಂಬ ಲೆಕ್ಕವನ್ನು ಮೊದಲು ಬಿಡಿ

ಹತ್ತು ಮಿನಿಯೇಚರ್‌ಗಳಿಗೆ (ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕ ಗೊಂಬೆಗಳಿಗೆ) ಬಣ್ಣ ಹಚ್ಚಿ ಮುಗಿಸಿದ ಮೇಲೆ ಅಂಥವುಗಳ ಒಂದು ಹೊಸ ಡಬ್ಬಿ ಕೊಳ್ಳುವುದು ಎಂಬ ನಿಯಮ ಒಳ್ಳೆಯದೋ, ಒಂದು ವರ್ಷ ಏನನ್ನೂ ಕೊಳ್ಳದ ವ್ರತ ಒಳ್ಳೆಯದೋ ಎಂದು ಕೇಳಿದ್ದೀರಿ. ಬಣ್ಣ ಕಾಣದ 180 ಗೊಂಬೆಗಳು ಮಂಚದ ಕೆಳಗಿವೆ ಎಂದೂ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಅವು ಅಟ್ಟದ ಮೇಲಿದ್ದವು. 211.

ಸಕಲೇಶಪುರದ ಹತ್ತಿರ ನಮ್ಮದು ನಾಲ್ಕು ಎಕರೆ ರೋಬಸ್ಟಾ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು. 2018ರಲ್ಲಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಗೊಂಬೆಗಳನ್ನು ನಿಲ್ಲಿಸಿ ಆಡುವ ಯುದ್ಧದಾಟದ ಹತ್ತು ಸೈನಿಕರ ಡಬ್ಬಿಯೊಂದನ್ನು ತಂದುಕೊಟ್ಟ. ಈ ಆಟ 1987ರಷ್ಟು ಹಳೆಯದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕಂಪನಿಯದು ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ನಮ್ಮ ಕಡೆ ಆಡಲು ಜೊತೆಗಾರರಿಲ್ಲ, ಆಡುವ ಆಸೆಯೂ ನನಗಿರಲಿಲ್ಲ. ನನ್ನನ್ನು ಹಿಡಿದದ್ದು ಬಣ್ಣದ ಕೆಲಸ. ಮುಖ ಎಂದರೆ ಉದ್ದಿನ ಕಾಳಿನಷ್ಟು. ಅದರಲ್ಲಿ ಕಣ್ಣಿನ ಬಿಳುಪು, ಅದರೊಳಗೆ ಒಂದು ಕಪ್ಪು ಚುಕ್ಕೆ. ಉಸಿರು ಬಿಗಿಹಿಡಿದು ಆ ಚುಕ್ಕೆ ಇಟ್ಟ ಕ್ಷಣದಲ್ಲಿ ಗೊಂಬೆ ನನ್ನನ್ನೇ ನೋಡಿದಂತಾಯಿತು. ಆ ಮೊದಲ ಹತ್ತಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟು ಸಂತೋಷದ ಮೂರು ತಿಂಗಳು ಅದಕ್ಕೂ ಮುಂಚೆ ನನ್ನ ಜೀವನದಲ್ಲಿ ಬಂದಿರಲಿಲ್ಲ.

ಆಮೇಲಿನದು ನಿಮಗೇ ಗೊತ್ತಿದೆ. ಮಾರ್ಚ್‌ನಲ್ಲಿ ಕಾಫಿ ಮಾರಿದ ದುಡ್ಡು ಕೈಗೆ ಬರುತ್ತಿತ್ತು, ಗೊಬ್ಬರದ ಅಂಗಡಿಯ ಬಾಕಿ ತೀರಿಸುವ ಮೊದಲೇ ಅದರಲ್ಲಿ ಒಂದು ಪಾಲು ಹೊರಟು ಹೋಗುತ್ತಿತ್ತು. ಡಬ್ಬಿಗಳನ್ನು ಅಟ್ಟದ ಮೇಲೆ, ಹಲಸಿನ ಹಪ್ಪಳದ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆ. ಒಂದು ದಿನ ಹಪ್ಪಳ ತೆಗೆಯಲು ಹತ್ತಿದ ಅಮ್ಮ ಎಲ್ಲವನ್ನೂ ಕಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. "ಇಷ್ಟು ಜನರನ್ನು ಕತ್ತಲೆಯಲ್ಲಿ ಇಟ್ಟಿದ್ದೀಯಲ್ಲೋ" ಎಂದಷ್ಟೇ ಹೇಳಿ ಕೆಳಗಿಳಿದರು. ಅಂದು ರಾತ್ರಿ ನಾನು ನಿಯಮ ಮಾಡಿಕೊಂಡೆ. ನೀವು ಈಗ ಮಾಡಲು ಹೊರಟಿರುವುದೂ ಅದನ್ನೇ: ಹತ್ತು ಮುಗಿದರೆ ಒಂದು ಡಬ್ಬಿ.

ನನ್ನನ್ನು ಕೆಡಿಸಿದ್ದು ಆ ನಿಯಮ. ಹೇಗೆಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಅರ್ಧ ಹೇಳಿದರೆ ಮಳೆಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

2020ರ ಜುಲೈನಲ್ಲಿ ಆಟದ ಒಂಬತ್ತನೆಯ ಆವೃತ್ತಿಯ ಜೊತೆಗೆ ಇಂಡೊಮಿಟಸ್ ಎಂಬ ದೊಡ್ಡ ಡಬ್ಬಿ ಬರುವುದೆಂದು ಸುದ್ದಿಯಾಯಿತು. ಅದರಲ್ಲಿ 61 ಗೊಂಬೆಗಳು. ಒಮ್ಮೆ ಮುಗಿದರೆ ಮತ್ತೆ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಲೆಕ್ಕದ ಪ್ರಕಾರ ಅದು ಆರು ಡಬ್ಬಿಗೆ ಸಮ, ಅಂದರೆ ನಾನು 60 ಗೊಂಬೆಗಳನ್ನು ಮುಗಿಸಿರಬೇಕು. ಕೈಯಲ್ಲಿದ್ದದ್ದು ಎಂಟು ದಿನ. "ಮುಗಿಸುವುದು" ಎಂಬ ಮಾತಿನ ಅರ್ಥವನ್ನೇ ಇಳಿಸಿಕೊಂಡೆ: ತಳಬಣ್ಣ, ಅದರ ಮೇಲೆ ಮೂರು ಬಣ್ಣ, ಅಷ್ಟು ಸಾಕು. ಮುಖವಿಲ್ಲ, ಕಣ್ಣಿಲ್ಲ.

ಪುನರ್ವಸು ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಮಳೆ ನಿಂತಿತು, ಆದರೆ ತೋಟದ ತುಂಬ ಮಂಜು. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಉದ್ದನೆಯ ಹಲಗೆ ಹಾಕಿ, ಅಂಟು ಟೇಪಿನ ಮೇಲೆ 60 ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಕಪ್ಪು ಪ್ರೈಮರ್ (ತಳಬಣ್ಣ) ಸ್ಪ್ರೇ ಡಬ್ಬಿಯನ್ನು ಈ ತುದಿಯಿಂದ ಆ ತುದಿಗೆ ಹೊಡೆದುಕೊಂಡು ಹೋದೆ. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಬಂದು ನೋಡಿದರೆ ಅರವತ್ತರ ಮೇಲೂ ರವೆ ಉದುರಿಸಿದಂತೆ ತರಿತರಿ. ಬೆರಳು ಸವರಿದರೆ ಮರಳು ಕಾಗದ. ಹೆಲ್ಮೆಟ್ಟಿನ ಸಣ್ಣ ಗೀರುಗಳು, ಬೆರಳುಗಳ ನಡುವಿನ ಸಂದು, ಎಲ್ಲವೂ ಮುಚ್ಚಿಹೋಗಿದ್ದವು.

ಸ್ಪ್ರೇಯಿಂದ ಹೊರಟ ಹನಿ ಗೊಂಬೆಯ ಮೇಲೆ ಒದ್ದೆಯಾಗಿಯೇ ಕೂತು, ಹರಡಿ, ಆಮೇಲೆ ಒಣಗಬೇಕು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ನೀರು ಬಂದು ಕೂರುತ್ತದೆ, ಬಣ್ಣ ಹರಡದೆ ಒರಟಾಗುತ್ತದೆ. ಜೊತೆಗೆ ನಾನು ಡಬ್ಬಿಯನ್ನು ತೀರಾ ದೂರ ಹಿಡಿದಿದ್ದೆ, ಒಂದೇ ಬೀಸಿಗೆ ಹೆಚ್ಚು ಗೊಂಬೆಗಳು ಸಿಗಲಿ ಎಂದು. 20ರಿಂದ 30 ಸೆಂಟಿಮೀಟರ್ ಸಾಕು. ಅದಕ್ಕಿಂತ ದೂರವಾದರೆ ಹನಿ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬೀಳುತ್ತದೆ. ಇದೆಲ್ಲ ನನಗೆ ತಿಳಿಯದ ವಿಷಯವಲ್ಲ. ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವಾಗ "ಎಲೆ ಆರಲಿ, ಬಿಸಿಲು ಕಾಣಲಿ" ಎಂದು ಆಳುಗಳನ್ನು ತಡೆದು ನಿಲ್ಲಿಸುವವನು ನಾನೇ. ತೋಟದಲ್ಲಿ ಕಾಯುವ ತಾಳ್ಮೆ ಇತ್ತು, ಶೆಡ್ಡಿನಲ್ಲಿ ಇರಲಿಲ್ಲ. ಗೊಂಬೆ ಬಿಡಿಸಿ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ತುಂಡೊಂದಕ್ಕೆ ಮೊದಲು ಹೊಡೆದು ಅರ್ಧ ಗಂಟೆ ಕಾದಿದ್ದರೆ ಅರವತ್ತೂ ಉಳಿಯುತ್ತಿದ್ದವು. ಕಾಯಲಿಲ್ಲ. ನನಗೆ ಆ ಬೆಳಿಗ್ಗೆ ಕಾಣುತ್ತಿದ್ದದ್ದು ಗೊಂಬೆಗಳಲ್ಲ, ಅಂಕಗಳು.

ಗಾಬರಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ತಂದು ಒಂದನ್ನು ಅದ್ದಿದೆ. ಬಣ್ಣದ ಜೊತೆಗೆ ಪ್ಲಾಸ್ಟಿಕ್ಕೂ ಕರಗಿ, ಹೆಲ್ಮೆಟ್ ಬಿಸಿಗೆ ಇಟ್ಟ ಬೆಲ್ಲದಂತೆ ಜಾರಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಪ್ಲಾಸ್ಟಿಕ್ ಉಳಿಯುತ್ತದೆ, ಆದರೆ ಒಂದೊಂದಕ್ಕೂ ಒಂದು ಸಂಜೆ ಬೇಕು. ಐವತ್ತೊಂಬತ್ತು ಸಂಜೆಗಳನ್ನು ನೆನೆದೇ ಕೈ ಸೋತಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಸಾಮಾನು ಅದು. ಎರಡು ವರ್ಷ ಕುಂಚ ಮುಟ್ಟಲಿಲ್ಲ. ಆ ಎರಡು ವರ್ಷದಲ್ಲಿ ಕೊಳ್ಳುವುದನ್ನು ನಿಲ್ಲಿಸಿದೆನೇ? ಇಲ್ಲ. ಅತಿ ಹೆಚ್ಚು ಕೊಂಡದ್ದೇ ಆಗ.

ಇಂಡೊಮಿಟಸ್ ಕೂಡ ಬಂತು. ಮುಂಗಡ ಆರ್ಡರ್ ತೆರೆದ ದಿನವೇ ಖಾಲಿಯಾಯಿತು, ನಿಜ. ಆದರೆ ಸಿಗದವರಿಗಾಗಿ ಕಂಪನಿ ಮತ್ತೆ ಆರ್ಡರ್ ತೆರೆದು, ಕೇಳಿದವರಿಗೆ ತಯಾರಿಸಿ ಕೊಟ್ಟಿತು. ನಾನು ಯಾವ ಭಯಕ್ಕೆ ಅರವತ್ತನ್ನು ಬಲಿ ಕೊಟ್ಟೆನೋ ಆ ಭಯಕ್ಕೆ ಆಧಾರವೇ ಇರಲಿಲ್ಲ. 2017, 2020, 2023 ಎಂದು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ, ಅದರ ಜೊತೆ ಒಂದು ದೊಡ್ಡ ಡಬ್ಬಿ ಬರುತ್ತಲೇ ಇದೆ. 2023ರದರಲ್ಲಿ 72 ಗೊಂಬೆಗಳಿದ್ದವು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಎರಡರಲ್ಲಿ ಯಾವುದು ಎಂದು ಕೇಳಿದರೆ, ಎರಡೂ ಬೇಡ. ಹತ್ತಕ್ಕೆ ಒಂದು ಎಂದ ಕೂಡಲೇ ಬಣ್ಣ ಹಚ್ಚುವುದು ಕೂಲಿಯಾಗುತ್ತದೆ, ಡಬ್ಬಿ ಸಂಬಳವಾಗುತ್ತದೆ. ವರ್ಷದ ವ್ರತವಂತೂ ಮುಗಿಯುವ ದಿನಕ್ಕೆ ಕಾಯುವಂತೆ ಮಾಡುತ್ತದೆ. ನಿಮಗೆ ಸಂಯಮ ಕಡಿಮೆ ಎಂದು ಬರೆದುಕೊಂಡಿದ್ದೀರಿ. ಅದನ್ನೂ ನಾನು ನಂಬುವುದಿಲ್ಲ. ನಿಮ್ಮ ಹಳೆಯ ಆರ್ಡರ್‌ಗಳ ದಿನಾಂಕಗಳನ್ನು ತೆಗೆದು ನೋಡಿ. ನಾನು 2022ರಲ್ಲಿ ನೋಡಿದೆ. ಹಣ ಬರುವ ಮಾರ್ಚ್‌ನಲ್ಲಿ ಒಂದೆರಡು. ಹಗಲೆಲ್ಲ ಕೊಯ್ಲಿನ ಹಿಂದೆ ಓಡುವ ಜನವರಿ, ಫೆಬ್ರುವರಿಯಲ್ಲಿ ಒಂದೂ ಇಲ್ಲ. ಉಳಿದವು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರಾತ್ರಿ ಹತ್ತರ ಮೇಲೆ. ಹೊರಗೆ ಮಳೆ, ಕರೆಂಟಿಲ್ಲ, ಸ್ಪ್ರೇ ಮಾಡುವಂತಿಲ್ಲ, ಕೈಯಲ್ಲಿ ಮೊಬೈಲ್. ನನ್ನ ಆಸೆ ಡಬ್ಬಿಯ ಮೇಲಿರಲಿಲ್ಲ. ಕುಂಚ ಹಿಡಿಯಲಾಗದ ಕೈ ಬೇರೇನನ್ನೋ ಹಿಡಿಯುತ್ತಿತ್ತು, ಅಷ್ಟೇ.

ಆ ವರ್ಷದಿಂದ ಮಳೆಗಾಲಕ್ಕೆ ಕುಂಚದಲ್ಲೇ ಹಚ್ಚುವ ಪ್ರೈಮರ್ ಇಟ್ಟುಕೊಂಡಿದ್ದೇನೆ. ತೆಳುವಾಗಿ ಎರಡು ಸಲ ಹಚ್ಚಿದರೆ ಸಾಕು, ನಿಧಾನವಾಗಿ ಒಣಗುತ್ತದೆ, ತರಿ ಬರುವುದಿಲ್ಲ. ಊಟದ ಮೇಜಿನ ತುದಿಯಲ್ಲಿ ಒಂದು ಗೊಂಬೆ, ಒಂದೇ ಗೊಂಬೆ, ಸದಾ ಅರ್ಧ ಬಣ್ಣದಲ್ಲಿ ನಿಂತಿರುತ್ತದೆ. ಪಕ್ಕದಲ್ಲಿ ಚಾರ್ಜ್ ಮಾಡಿದ ದೀಪ. ಕೊಳ್ಳಬೇಕೆನಿಸಿದಾಗ ತಡೆಯುವುದಿಲ್ಲ, ಮೊದಲು ಹತ್ತು ನಿಮಿಷ ಅದರ ಮುಂದೆ ಕೂರುತ್ತೇನೆ. ಹೋದ ವರ್ಷ ಎರಡು ಡಬ್ಬಿ ಕೊಂಡೆ, ಹಿಂದಿನ ವರ್ಷ ಮೂರು. ತಪ್ಪಿತಸ್ಥ ಭಾವವಿಲ್ಲ. ಬಿಚ್ಚದೇ ಇದ್ದ ಏಳು ಡಬ್ಬಿಗಳನ್ನು ಚಿಕ್ಕಪ್ಪನ ಮಗನ ಆಟದ ಗೆಳೆಯರಿಗೆ ಕೊಟ್ಟೆ. ನಷ್ಟಕ್ಕೇ ಕೊಟ್ಟೆ. ನೀವೂ ಕೊಡಿ, ದರ ಹಿಡಿದು ಕೂರಬೇಡಿ.

ಇನ್ನೊಂದು ಅಭ್ಯಾಸ ಬೇಲೂರಿನಿಂದ ಬಂತು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ 42 ಮದನಿಕೆಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೆಲವು ಮೂರ್ತಿಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ ಎಂಬುದನ್ನು ಗಮನಿಸಿದ್ದು ಮಾತ್ರ ಈಚೆಗೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಒಂದು ಮೂರ್ತಿಯ ಕೆಳಗೆ ಒಬ್ಬ ಮನುಷ್ಯನ ಹೆಸರು. ತರಿ ಹಿಡಿದ ಆ ಅರವತ್ತರಲ್ಲಿ ಒಂದರ ಕೆಳಗಾದರೂ ನನ್ನ ಹೆಸರು ಬರೆಯಲು ನನಗೆ ಮನಸ್ಸು ಬರುತ್ತಿತ್ತೇ? ಈಗ ಮುಗಿದ ಪ್ರತಿ ಗೊಂಬೆಯ ತಳದಲ್ಲಿ ಸಣ್ಣ ಪೆನ್ನಿನಿಂದ ಹೆಸರು, ದಿನಾಂಕ ಬರೆಯುತ್ತೇನೆ. ಬರೆಯಲು ಮನಸ್ಸು ಬಾರದಿದ್ದರೆ ಅದು ಮುಗಿದಿಲ್ಲ ಎಂದರ್ಥ. ಎಷ್ಟು ಬರೆದೆ ಎಂದು ಎಣಿಸುವುದಿಲ್ಲ.

ಕೆಟ್ಟವುಗಳಲ್ಲಿ ಇಪ್ಪತ್ತೆರಡನ್ನು ಇದುವರೆಗೆ ತಿಕ್ಕಿ ತೊಳೆದಿದ್ದೇನೆ. ಇಂಡೊಮಿಟಸ್ ಡಬ್ಬಿಯನ್ನು ಹೋದ ತಿಂಗಳು ತೆರೆದೆ. ಅದರ ಮೊದಲ ಸೈನಿಕನಿಗೆ ಹನ್ನೊಂದು ಸಂಜೆ ಹಿಡಿಯಿತು, ಎಡಗಣ್ಣನ್ನು ಮೂರು ಸಲ ತಿದ್ದಿದೆ. ಅಮ್ಮ ಕನ್ನಡಕ ಹಾಕಿಕೊಂಡು ಅವನನ್ನು ಅಂಗೈ ಮೇಲೆ ತಿರುಗಿಸಿ ನೋಡಿ, ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿ ಬೆಳಕಿಗೆ ಇಟ್ಟಿದ್ದಾರೆ.

ಚಿಕ್ಕಮಗಳೂರಿನಲ್ಲೂ ಈಗ ಮಳೆ ಹಿಡಿದಿರಬೇಕು. ಸ್ಪ್ರೇ ಡಬ್ಬಿಯನ್ನು ಅಕ್ಟೋಬರ್‌ವರೆಗೆ ಮುಟ್ಟಬೇಡಿ.