ಡಾನ್ ಬರುವುದಿಲ್ಲ, ಮೊದಲೇ ಕೂತಿದ್ದಾನೆ

ಜಮಖಂಡಿಯ ತಮ್ಮನಿಗೆ,

ನೀನು ನಮ್ಮ ಪುರವಣಿಗೆ ಕಳಿಸಿದ ‘ಅಪರಾಧ ಚಿತ್ರಗಳಲ್ಲಿ ಅಧಿಕಾರ ಮತ್ತು ನಿರ್ದೇಶಕ’ ಲೇಖನ ಓದಿದೆ. ಭಾಷೆ ಸ್ವಚ್ಛವಾಗಿದೆ. ಕಾಗುಣಿತದ ತಪ್ಪಿಲ್ಲ. ಸಿನಿಮಾ ತುಂಬಾ ನೋಡಿದ್ದೀಯ. ಆದರೆ ‘ಗಾಡ್‌ಫಾದರ್’ ಬಗ್ಗೆ ಬರೆದ ಎರಡು ಪುಟ ಓದಿ ನನಗೆ ಸಿಟ್ಟು ಬಂತು. ಸಂಜೆವರೆಗೂ ಇಳಿಯಲಿಲ್ಲ. ಹಾಗಾಗಿ ಆ ಎರಡು ಪುಟಗಳ ಬಗ್ಗೆಯೇ ಬರೆಯುತ್ತೇನೆ. ಉಳಿದ ಪುಟಗಳನ್ನು ಈಗ ಮುಟ್ಟುವುದಿಲ್ಲ.

ನಿನ್ನ ಮೊದಲ ಸಾಲು: “ಆರಂಭದ ದೃಶ್ಯದಲ್ಲಿ ಡಾನ್ ಪ್ರವೇಶಿಸುತ್ತಿದ್ದಂತೆ ಇಡೀ ಕೋಣೆ ನಡುಗುತ್ತದೆ.”

ಡಾನ್ ಎಲ್ಲಿ ಪ್ರವೇಶಿಸುತ್ತಾನೆ? ಅವನು ಮೊದಲೇ ಕೂತಿದ್ದಾನೆ. 1972ರ ಆ ಅಮೆರಿಕನ್ ಮಾಫಿಯಾ ಚಿತ್ರ ಶುರುವಾಗುವುದು ಬೊನಾಸೆರಾ ಎಂಬವನ ಮುಖದಿಂದ. ಸುತ್ತ ಕಗ್ಗತ್ತಲು. ಹೆಣಗಳ ಅಂತ್ಯಸಂಸ್ಕಾರ ಮಾಡಿಸುವುದು ಅವನ ಕಸುಬು. ಇಬ್ಬರು ಹುಡುಗರು ತನ್ನ ಮಗಳನ್ನು ಗುರುತು ಸಿಗದ ಹಾಗೆ ಹೊಡೆದರು, ಕೋರ್ಟಿಗೆ ಹೋದೆ, ಜಡ್ಜ್ ಶಿಕ್ಷೆ ಕೊಟ್ಟ ಹಾಗೆ ಮಾಡಿ ಅಮಾನತಿನಲ್ಲಿಟ್ಟ, ಹುಡುಗರು ಅವತ್ತೇ ಮನೆಗೆ ಹೋದರು ಅಂತ ಹೇಳುತ್ತಾನೆ. ಅವನು ಮಾತಾಡುತ್ತಿದ್ದಂತೆ ನಾವು ಅವನಿಂದ ಹಿಂದಕ್ಕೆ ಸರಿಯುತ್ತಾ ಹೋಗುತ್ತೇವೆ. ಜೂಮ್ ಎಷ್ಟು ನಿಧಾನ ಅಂದರೆ ಸರಿದದ್ದೇ ಗೊತ್ತಾಗುವುದಿಲ್ಲ. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಕಟ್ ಇಲ್ಲ. ನಡುವೆ ಅವನ ಗಂಟಲು ಕಟ್ಟುತ್ತದೆ, ಅಳು ಬರುತ್ತದೆ. ಆಗ ಒಂದು ಕೈ ಸಣ್ಣಗೆ ಸನ್ನೆ ಮಾಡುತ್ತದೆ. ಯಾರೋ ಬಂದು ಅವನಿಗೆ ಕುಡಿಯಲು ಕೊಡುತ್ತಾರೆ. ಆ ಕೈಯ ಒಡೆಯ ಯಾರು ಅಂತ ನಾವಿನ್ನೂ ನೋಡಿಲ್ಲ. ಮುಖ ಕಾಣುವ ಮೊದಲೇ ಹುಕುಂ ನಡೆದುಹೋಗಿದೆ.

ನೀನು ಬರೆಯಬೇಕಿದ್ದದ್ದು ಆ ಕೈಯನ್ನು. ಕೋಣೆಯಲ್ಲಿ ಯಾರೂ ನಡುಗುವುದಿಲ್ಲ. ಹೊರಗೆ ಡಾನ್ ಮಗಳ ಮದುವೆ ನಡೀತಿದೆ. ಒಳಗೆ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದಾರೆ. ಬೊನಾಸೆರಾ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಎದ್ದು ಹೋಗಿ ಕಿವಿಯಲ್ಲಿ ಪಿಸುಗುಡುತ್ತಾನೆ. ಕೊನೆಗೆ ಕೈಗೆ ಮುತ್ತಿಟ್ಟು ‘ಗಾಡ್‌ಫಾದರ್’ ಅನ್ನುವವರೆಗೂ ಅವನ ಕೆಲಸ ಆಗುವುದಿಲ್ಲ. ಎಷ್ಟು ದುಡ್ಡು ಕೊಡಲಿ ಅಂತ ಕೇಳಿದ್ದೇ ಅಲ್ಲಿ ಅಪರಾಧ ಆಗಿಬಿಡುತ್ತದೆ. ಕೊಲೆ ಮಾಡಿಸು ಅಂದದ್ದಲ್ಲ, ಬೆಲೆ ಕೇಳಿದ್ದು! ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ಕೋಣೆ ಯಾಕೆ ನಡುಗಬೇಕು ತಮ್ಮಾ?

ಎರಡನೇ ಸಾಲು: “ಬೆಕ್ಕನ್ನು ಮುದ್ದಿಸುವ ಮೂಲಕ ನಿರ್ದೇಶಕರು ಕ್ರೌರ್ಯ ಮತ್ತು ಕರುಣೆಯ ದ್ವಂದ್ವವನ್ನು ಸಾಂಕೇತಿಕವಾಗಿ ನಿರೂಪಿಸಿದ್ದಾರೆ.”

ಆ ಬೆಕ್ಕು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಸ್ಟುಡಿಯೋದಲ್ಲಿ ಓಡಾಡಿಕೊಂಡಿದ್ದ ಬೆಕ್ಕನ್ನು ನಿರ್ದೇಶಕ ಕೊಪ್ಪೊಲಾ ತಂದು ಡಾನ್ ಪಾತ್ರ ಮಾಡಿದ ಬ್ರಾಂಡೋ ಕೈಗೆ ಕೊಟ್ಟರು. ಕೊಟ್ಟಮೇಲೆ ಏನಾಯಿತು ಅನ್ನುವುದು ಮುಖ್ಯ. ಎದುರಿಗೆ ಒಬ್ಬ ಮಗಳ ಸಂಕಟ ತೋಡಿಕೊಳ್ಳುತ್ತಿದ್ದಾನೆ. ಕೇಳುವವನ ಬೆರಳು ಬೆಕ್ಕಿನ ಕುತ್ತಿಗೆಯಲ್ಲಿ ಆಡುತ್ತಿದೆ. ಅವನಿಗೆ ಅವಸರ ಇಲ್ಲ. ಅರ್ಧ ಗಮನ ಕೊಟ್ಟರೂ ಸಾಕು, ಬೇಡಲು ಬಂದವನು ಕಾಯುತ್ತಾನೆ ಅಂತ ಗೊತ್ತಿದೆ.

ನಾನು ಬೆಳಗಾವಿಯ ಒಂದು ದಿನಪತ್ರಿಕೆಗೆ ಹೊಸದಾಗಿ ಸೇರಿದಾಗ ನಮ್ಮ ಹಿರಿಯ ಸಂಪಾದಕರು ಸಿನಿಮಾ ಬರೆಯಲು ಬಿಡಲಿಲ್ಲ. ಅಥಣಿ ಕಡೆಯ ಒಂದು ವಾಡೆಗೆ ಕಳಿಸಿದರು. ಬದುವಿನ ಜಗಳ, ಧಣಿಗಳ ಮುಂದೆ ಪಂಚಾಯ್ತಿ. ಬಂದು ವರದಿ ಒಪ್ಪಿಸಲು ನಿಂತರೆ ಅವರು ಜಗಳದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಯಾರ್ ಕುಂತಿದ್ರು, ಯಾರ್ ನಿಂತಿದ್ರು, ಅದನ್ನ ಹೇಳು ಮೊದಲ. ಚಾ ಯಾರಿಗೆ ಮೊದಲ ಬಂತು?” ನನಗೆ ಎಲ್ಲ ನೆನಪಿತ್ತು, ಹೇಳಿದೆ. ಧಣಿಗಳು ಪಡಸಾಲೆಯಲ್ಲಿ ಗಾದಿ ಮೇಲೆ ಲೋಡಿಗೆ ಒರಗಿದ್ದರು. ತಕರಾರು ತಂದವನು ಚಪ್ಪಲಿಯನ್ನು ಅಗಸಿ ಬಾಗಿಲ ಹೊರಗೆ ಬಿಟ್ಟು, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಅವನು ಮಾತು ಶುರು ಮಾಡಿದಾಗಲೆಲ್ಲ ಧಣಿಗಳು ಅಡಕತ್ತರಿ ಎತ್ತಿಕೊಳ್ಳುತ್ತಿದ್ದರು. ಕಟ್, ಕಟ್ ಅಂತ ಅಡಿಕೆ ಒಡೆಯುವ ಸದ್ದು ನಿಲ್ಲುವವರೆಗೂ ಅವನು ಸುಮ್ನೆ ನಿಲ್ಲುತ್ತಿದ್ದ. ಹಿರಿಯರು ನನ್ನ ವರದಿಯಲ್ಲಿ ಆ ಅಡಕತ್ತರಿಯ ಸಾಲನ್ನು ಮೇಲಕ್ಕೆ ತಂದರು, ಬದುವಿನ ಜಗಳವನ್ನು ಕೆಳಕ್ಕೆ ತಳ್ಳಿದರು. ಆಮೇಲೆ ‘ಗಾಡ್‌ಫಾದರ್’ ನೋಡಿದಾಗ ಆ ಬೆಕ್ಕು ನನಗೆ ಹೊಸದು ಅನ್ನಿಸಲೇ ಇಲ್ಲ.

ಮೂರನೇ ಸಾಲು: “ನೆರಳು-ಬೆಳಕಿನ ವಿನ್ಯಾಸದಲ್ಲಿ ನಿರ್ದೇಶಕರ ಪ್ರತಿಭೆ ಎದ್ದು ಕಾಣುತ್ತದೆ.”

ಆ ಬೆಳಕು ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಅವರದು. ನಿನ್ನ ಲೇಖನದಲ್ಲಿ ಅವರ ಹೆಸರೇ ಇಲ್ಲ, ಪ್ಯಾರಾಕ್ಕೊಮ್ಮೆ ‘ನಿರ್ದೇಶಕರು’ ಮಾತ್ರ ಬರುತ್ತಾರೆ. ಇದು ನನ್ನನ್ನು ತುಂಬಾ ಕಾಡಿತು. ವಿಲ್ಲಿಸ್ ದೀಪವನ್ನು ತಲೆ ಮೇಲಿಂದ ಬೀಳಿಸಿದರು. ಹುಬ್ಬಿನ ನೆರಳು ಕಣ್ಣ ಮೇಲೆ ಬಿತ್ತು. ಬ್ರಾಂಡೋಗೆ ವಯಸ್ಸು ಜಾಸ್ತಿ ಮಾಡಿದ ಮೇಕಪ್ಪಿಗೂ ಅದೇ ಬೆಳಕು ಹೊಂದುತ್ತಿತ್ತು. ಆದರೆ ಫಲ ನೋಡು: ಡಾನ್ ಏನು ಯೋಚನೆ ಮಾಡುತ್ತಿದ್ದಾನೆ ಅಂತ ಯಾರಿಗೂ ಓದಲು ಆಗುವುದಿಲ್ಲ. ಅವನಿಗೆ ಎಲ್ಲರ ಕಣ್ಣೂ ಕಾಣುತ್ತದೆ, ಅವನ ಕಣ್ಣು ಯಾರಿಗೂ ಕಾಣುವುದಿಲ್ಲ. ಹೊರಗೆ ಮದುವೆಯ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಹೀಗೆ ಒಂದೊಂದು ಕೆಲಸವನ್ನು ಅದನ್ನು ಮಾಡಿದವರ ಹೆಸರಿಗೆ ಬರೆ. ಇಂಥ ಛಾಯಾಗ್ರಾಹಕನನ್ನು ಆರಿಸಿಕೊಂಡು, ಅವನ ಜೊತೆ ಜಗಳವಾಡಿಯೂ ಆ ಕತ್ತಲನ್ನು ಉಳಿಸಿಕೊಂಡದ್ದು ಕೊಪ್ಪೊಲಾ ಹೆಚ್ಚುಗಾರಿಕೆ.

ಕೊನೆಯ ದೃಶ್ಯಕ್ಕೆ ನೀನು “ಮುಚ್ಚುವ ಬಾಗಿಲು ಮಾನವೀಯತೆಯ ಅಂತ್ಯದ ರೂಪಕ” ಅಂತ ಬರೆದಿದ್ದೀಯ. ಮಾನವೀಯತೆ ಬಿಡು. ಬಾಗಿಲ ಹೊರಗೆ ಉಳಿದವಳು, ಡಾನ್ ಜಾಗಕ್ಕೆ ಬಂದ ಮಗ ಮೈಕೆಲ್‌ನ ಹೆಂಡತಿ ಕೇ. ತಂಗಿಯ ಗಂಡನನ್ನು ನೀನೇ ಕೊಲ್ಲಿಸಿದೆಯಾ ಅಂತ ಆಗಷ್ಟೇ ಕೇಳಿದ್ದಾಳೆ, ಮೈಕೆಲ್ ಇಲ್ಲ ಅಂದಿದ್ದಾನೆ. ಅವಳು ಆ ಕಡೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಒಬ್ಬ ಅವನ ಕೈಗೆ ಮುತ್ತಿಡುತ್ತಿದ್ದಾನೆ. ಇನ್ನೊಬ್ಬ ಬಂದು ಬಾಗಿಲು ಹಾಕುತ್ತಾನೆ. ಅಪ್ಪನಿಗೆ ಕೈ ಸನ್ನೆಯಾದರೂ ಬೇಕಿತ್ತು, ಮಗನಿಗೆ ಅದೂ ಬೇಕಾಗಲಿಲ್ಲ.

ಇನ್ನೊಂದು ಮಾತು. “ಕನ್ನಡದಲ್ಲಿ ಇಂಥ ಶೈಲಿ ಬಂದೇ ಇಲ್ಲ” ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. 1995ರ ‘ಓಂ’ ಚಿತ್ರದಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ರಾಜ್ ಬಿ. ಶೆಟ್ಟಿ ಮಾಡಿದ ಶಿವ, ಕೊಲೆ ಆದಮೇಲೆ ಹುಲಿ ಕುಣಿತದ ಹೆಜ್ಜೆ ಹಾಕುತ್ತಾನೆ, ಹಿಂದೆ ಮಾದಪ್ಪನ ಜನಪದ ಹಾಡು. ಮಂಗಳೂರಿನ ಹೆಜ್ಜೆ, ಚಾಮರಾಜನಗರದ ಕಡೆಯ ಹಾಡು, ಎರಡೂ ಒಂದು ಕೊಲೆಗಡುಕನ ಮೈಯಲ್ಲಿ ಸೇರಿಕೊಂಡಿವೆ. ಅವನನ್ನು ನೋಡಿ ಹೆದರಬೇಕೋ ಕೈ ಮುಗಿಯಬೇಕೋ ತಿಳಿಯುವುದಿಲ್ಲ. ಅದು ಶೈಲಿ ಅಲ್ವಾ?

ನಿನ್ನ ನಾಲ್ಕನೇ ಪುಟದ ನಡುವೆ ಒಂದು ಸಾಲಿದೆ: “ನಮ್ಮೂರಲ್ಲಿ ಕಬ್ಬಿನ ಬಿಲ್ ಕೇಳಲು ಹೋದವರನ್ನು ಕಾರ್ಖಾನೆ ಗೇಟಿನ ಹತ್ತಿರ ಊಟದ ಹೊತ್ತಿನವರೆಗೂ ನಿಲ್ಲಿಸುತ್ತಾರೆ.” ಆ ಸಾಲು ಓದಿದ ಮೇಲೆಯೇ ನಿನಗೆ ಇಷ್ಟುದ್ದ ಬರೆಯಬೇಕು ಅನ್ನಿಸಿತು. ನೀನು ಅದನ್ನು ಯಾವುದೋ ಹೋಲಿಕೆಗೆ ಬಳಸಿ ಮುಂದೆ ಹೋಗಿಬಿಟ್ಟಿದ್ದೀಯ. ಕಾಯುವುದು ಅಂದರೆ ಏನು ಅಂತ ನಿನಗೆ ಗೊತ್ತಿದೆ. ಆ ಕಣ್ಣಿನಿಂದಲೇ ಬೊನಾಸೆರಾನನ್ನು ನೋಡು.

ಲೇಖನವನ್ನು ಈಗ ಹಾಕುವುದಿಲ್ಲ. ಹನ್ನೊಂದು ಚಿತ್ರಗಳ ಹೆಸರು ತೆಗೆದುಹಾಕಿ ಎರಡನ್ನು ಇಟ್ಟುಕೋ. ಒಂದು ನಿನ್ನ ಇಷ್ಟದ್ದು, ಇನ್ನೊಂದು ಕನ್ನಡದ್ದು. ಪ್ರತಿಯೊಂದರಲ್ಲಿ ಒಂದೇ ದೃಶ್ಯ. ಒಮ್ಮೆ ಸದ್ದು ಬಂದ್ ಮಾಡಿ ನೋಡು, ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಬೆಳಕು ಎಲ್ಲಿಂದ ಬರುತ್ತದೆ ಅಂತ ಬರೆದುಕೋ. 800 ಪದ ಮೀರಬೇಡ. ಟೈಪ್ ಮಾಡಲು ಆಗದಿದ್ದರೆ ಕೈಬರಹದಲ್ಲೇ ಕಳಿಸು, ನಾನು ಓದುತ್ತೇನೆ. ದಸರಾ ಒಳಗೆ ಬಂದರೆ ದೀಪಾವಳಿ ಪುರವಣಿಗೆ ಜಾಗ ಇದೆ.