ರುಜುವಿನ ಚಿತ್ರ ಬೇರೆ, ಡಿಜಿಟಲ್ ಸಹಿ ಬೇರೆ

ಪ್ರಶ್ನೆ: ನಾನು ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ. ಪ್ರತಿ ಪತ್ರವನ್ನೂ ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಮೇಲ್ ಕಳಿಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಸಹಿಯ ಫೋಟೊ ತೆಗೆದು ವರ್ಡ್‌ನಲ್ಲಿ ಅಂಟಿಸಿ ನೋಡಿದೆ. ಸುತ್ತ ಬೂದು ಬಣ್ಣದ ಚೌಕ ಬಂದು ಕೆಳಗಿನ ಹೆಸರು, ಹುದ್ದೆ ಮುಚ್ಚಿಹೋಯಿತು. ಒಮ್ಮೆ ಮಾಡಿಟ್ಟುಕೊಂಡು ಎಲ್ಲ ಕಡೆ ಬಳಸುವ ದಾರಿ ಇದೆಯೇ?
– ಓದುಗರು, ಅರಸೀಕೆರೆ

ಉತ್ತರ: ಆ ಚೌಕಕ್ಕೆ ಎರಡು ಕಾರಣ. ಫೋನಿನ ಕ್ಯಾಮೆರಾದಲ್ಲಿ ಬಿಳಿ ಕಾಗದ ಅಚ್ಚ ಬಿಳಿಯಾಗಿ ಬರುವುದಿಲ್ಲ, ಜತೆಗೆ ಕೈಯ ನೆರಳೂ ಸೇರಿಕೊಳ್ಳುತ್ತದೆ. ಇನ್ನೊಂದು, ಫೋಟೊ ಉಳಿಯುವುದು ಜೆಪಿಜಿ ಫೈಲಾಗಿ. ಜೆಪಿಜಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಬಣ್ಣ ಇರಲೇಬೇಕು, ಖಾಲಿ ಬಿಡಲು ಬರುವುದಿಲ್ಲ. ಪಿಎನ್‌ಜಿಯಲ್ಲಿ ಬರುತ್ತದೆ. ನಿಮಗೆ ಬೇಕಿರುವುದು ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ.

ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ ಕಪ್ಪು ಜೆಲ್ ಪೆನ್ನಿನಲ್ಲಿ ಏಳೆಂಟು ಸಲ ರುಜು ಹಾಕಿ. ಮೊನೆ 0.7 ಅಥವಾ 1 ಮಿ.ಮೀ. ಇರಲಿ. ಬಾಲ್ ಪೆನ್ನಿನ ಗೆರೆ ನಡುನಡುವೆ ಮಸುಕಾಗುತ್ತದೆ, ಹಿನ್ನೆಲೆ ತೆಗೆದ ಮೇಲೆ ಆ ಜಾಗ ತೂತಿನ ಹಾಗೆ ಕಾಣುತ್ತದೆ. ಮೊದಲ ಎರಡು ರುಜು ಹಾಕುವಾಗ ಕೈ ಬಿಗಿಯಾಗಿರುತ್ತದೆ, ನಾಲ್ಕೈದನೆಯದರಿಂದ ಆರಿಸಿಕೊಳ್ಳಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 5 ಸೆಂ.ಮೀ. ಅಗಲದ ರುಜು ಸುಮಾರು 1,180 ಪಿಕ್ಸೆಲ್ ಆಗುತ್ತದೆ, ಯಾವ ಪತ್ರಕ್ಕೂ ಅದು ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಹಾಕದೆ, ಫೋನನ್ನು ಹಾಳೆಗೆ ನೇರವಾಗಿ ಹಿಡಿದು ಫೋಟೊ ತೆಗೆಯಿರಿ.

ಮುಂದಿನದು ಗಿಂಪ್ ತಂತ್ರಾಂಶದಲ್ಲಿ, ಅದು ಉಚಿತ. ರುಜುವಿನ ಸುತ್ತ ಸ್ವಲ್ಪವೇ ಜಾಗ ಬಿಟ್ಟು ಕ್ರಾಪ್ ಮಾಡಿ. ‘ಕಲರ್ಸ್’ ಮೆನುವಿನ ‘ಲೆವೆಲ್ಸ್’ ತೆರೆದು ಬಲತುದಿಯ ಬಿಳಿ ಗುಂಡಿಯನ್ನು 255ರಿಂದ 200ರ ಸುಮಾರಿಗೆ ತನ್ನಿ, ಕಾಗದ ಅಚ್ಚ ಬಿಳಿಯಾಗುತ್ತದೆ. ಎಡತುದಿಯ ಕಪ್ಪು ಗುಂಡಿಯನ್ನು 50–60ಕ್ಕೆ ಸರಿಸಿದರೆ ಶಾಯಿ ಗಟ್ಟಿಯಾಗುತ್ತದೆ. ಒಂದು ಮೂಲೆ ಇನ್ನೂ ಬೂದಾಗಿಯೇ ಉಳಿದರೆ ಅದು ನೆರಳು. ಗುಂಡಿ ಎಳೆದಾಡುವುದಕ್ಕಿಂತ ಇನ್ನೊಂದು ಫೋಟೊ ತೆಗೆಯುವುದು ಬೇಗ ಆಗುವ ಕೆಲಸ. ಆಮೇಲೆ ಅದೇ ಮೆನುವಿನ ‘ಕಲರ್ ಟು ಆಲ್ಫಾ’ದಲ್ಲಿ ಬಿಳಿ ಬಣ್ಣ ಆರಿಸಿ. ಈಗ ರುಜು ಸ್ವಲ್ಪ ತೆಳುವಾದಂತೆ ಕಂಡರೆ ಗಾಬರಿ ಬೇಡ: ಆ ಲೇಯರಿನ ನಕಲು ಮಾಡಿ ಎರಡನ್ನೂ ಕೂಡಿಸಿದರೆ ದಟ್ಟವಾಗುತ್ತದೆ. ಕೊನೆಗೆ ‘ಎಕ್ಸ್‌ಪೋರ್ಟ್’ ಕೊಟ್ಟು ಪಿಎನ್‌ಜಿಯಾಗಿ ಉಳಿಸಿ. ಈ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿಕೊಂಡರೆ ಅದು ಮತ್ತೆ ಜೆಪಿಜಿಯಾಗಿ ಪಟ್ಟ ಶ್ರಮವೆಲ್ಲ ನೀರುಪಾಲು. ‘ಡಾಕ್ಯುಮೆಂಟ್’ ಎಂದೇ ಕಳಿಸಿ.

ವರ್ಡ್‌ನಲ್ಲಿ ಚಿತ್ರವನ್ನು ಸೇರಿಸಿ, 4–5 ಸೆಂ.ಮೀ. ಅಗಲಕ್ಕೆ ಇಳಿಸಿ, ಕೆಳಗೆ ಹೆಸರು, ಹುದ್ದೆ, ಸಂಘದ ಹೆಸರು ಟೈಪ್ ಮಾಡಿ. ಚಿತ್ರ, ಅಕ್ಷರ ಎರಡನ್ನೂ ಒಟ್ಟಿಗೆ ಆಯ್ದು ‘ಇನ್ಸರ್ಟ್’ ಪಟ್ಟಿಯ ‘ಕ್ವಿಕ್ ಪಾರ್ಟ್ಸ್’ನಲ್ಲಿ ‘ಸೇವ್ ಸೆಲೆಕ್ಷನ್’ ಒತ್ತಿ, ಗ್ಯಾಲರಿಯನ್ನು ‘ಆಟೊಟೆಕ್ಸ್ಟ್’ ಎಂದು ಆರಿಸಿ, ಒಂದು ಹೆಸರು ಕೊಡಿ. ಇನ್ನು ಮುಂದೆ ಆ ಹೆಸರು ಟೈಪಿಸಿ ಎಫ್3 ಒತ್ತಿದರೆ ಸಹಿ ಬಂದು ಕೂರುತ್ತದೆ. ವರ್ಡ್ ಮುಚ್ಚುವಾಗ ಬದಲಾವಣೆ ಉಳಿಸಲೇ ಎಂದು ಕೇಳಿದರೆ ಹೌದು ಅನ್ನಿ, ಇಲ್ಲದಿದ್ದರೆ ಮಾರನೆಯ ದಿನ ಅದು ಸಿಗಲಿಕ್ಕಿಲ್ಲ. ಪಿಡಿಎಫ್ ಬಂದರೆ ಅಕ್ರೊಬ್ಯಾಟ್ ರೀಡರ್‌ನ ‘ಫಿಲ್ ಅಂಡ್ ಸೈನ್’ನಲ್ಲಿ ಇದೇ ಚಿತ್ರ ಸೇರಿಸಿಟ್ಟುಕೊಳ್ಳಬಹುದು.

ಪ್ರಶ್ನೆ: ಹೀಗೆ ಅಂಟಿಸಿದ ಸಹಿಯನ್ನು ಇಲಾಖೆಯವರು ಒಪ್ಪಲಿಲ್ಲ, ‘ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಹಾಕಿ’ ಎಂದು ಪತ್ರ ವಾಪಸು ಕಳಿಸಿದರು. ಎರಡಕ್ಕೂ ಏನು ವ್ಯತ್ಯಾಸ?
– ಓದುಗರು, ಹಾವೇರಿ

ಉತ್ತರ: ಅಂಟಿಸಿದ್ದು ಬರೀ ಚಿತ್ರ. ಪಿಡಿಎಫ್ ಸಿಕ್ಕ ಯಾರು ಬೇಕಾದರೂ ಅದನ್ನು ಕತ್ತರಿಸಿ ಇನ್ನೊಂದು ಪತ್ರಕ್ಕೆ ಹಾಕಬಹುದು. ಸಭೆಯ ನೋಟಿಸು, ಕಚೇರಿಯ ಒಳಗಿನ ಟಿಪ್ಪಣಿಗೆ ಅಡ್ಡಿಯಿಲ್ಲ. ಹಣ, ಟೆಂಡರು, ಕರಾರು ಎಂದಾಗ ಬೇಡ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿ ಎನ್ನುವುದು ಒಂದು ಲೆಕ್ಕಾಚಾರಕ್ಕೆ. ಫೈಲಿನ ಒಟ್ಟು ವಿಷಯದಿಂದ ‘ಹ್ಯಾಶ್’ ಎಂಬ ಚಿಕ್ಕ ಗುರುತು ತೆಗೆಯಲಾಗುತ್ತದೆ. ಆ ಗುರುತಿಗೆ ನಿಮ್ಮ ಟೋಕನ್ನಿನೊಳಗಿನ (ಪೆನ್‌ಡ್ರೈವ್‌ನಂಥ ಸಾಧನ) ಖಾಸಗಿ ಕೀಲಿ, ಅಂದರೆ ನಿಮ್ಮೊಬ್ಬರದೇ ಆದ ರಹಸ್ಯ ಸಂಖ್ಯೆ, ಬೀಗ ಹಾಕುತ್ತದೆ. ಆಮೇಲೆ ಒಂದು ಸೊನ್ನೆ ಸೇರಿಸಿದರೂ ಗುರುತು ತಾಳೆಯಾಗುವುದಿಲ್ಲ. ಆದ್ದರಿಂದ ನಿಜವಾದ ಡಿಜಿಟಲ್ ಸಹಿಯನ್ನು ಒಂದು ಪತ್ರದಿಂದ ಇನ್ನೊಂದಕ್ಕೆ ಅಂಟಿಸಲು ಬರುವುದೇ ಇಲ್ಲ. ಮತ್ತೆ ಮತ್ತೆ ಬಳಸುವುದು ಕೀಲಿಯನ್ನು. ಬೀಗ ಪ್ರತಿ ಸಲವೂ ಹೊಸದು.

ಪರವಾನಗಿ ಇರುವ ಪ್ರಮಾಣೀಕರಣ ಸಂಸ್ಥೆಯಿಂದ ‘ಕ್ಲಾಸ್ 3’ ಪ್ರಮಾಣಪತ್ರ ತೆಗೆದುಕೊಳ್ಳಿ, 2021ರ ಜನವರಿಯಿಂದ ‘ಕ್ಲಾಸ್ 2’ ಕೊಡುತ್ತಿಲ್ಲ. ಗುರುತಿನ ದಾಖಲೆ, ವಿಡಿಯೊ ಪರಿಶೀಲನೆ ಮುಗಿದ ಮೇಲೆ ಅದು ಯುಎಸ್‌ಬಿ ಟೋಕನ್ನಿಗೆ ಇಳಿಯುತ್ತದೆ. ಅವಧಿ ಹೆಚ್ಚೆಂದರೆ ಮೂರು ವರ್ಷ. ಖಾಸಗಿ ಕೀಲಿ ಟೋಕನ್ನಿನಿಂದ ಹೊರಗೆ ನಕಲಾಗುವುದಿಲ್ಲ. ಪಿನ್ ಪದೇ ಪದೇ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದಿರೋ, ಕೀಲಿಯೂ ಹೋಯಿತು, ಪ್ರಮಾಣಪತ್ರ ಹೊಸದಾಗಿ ಕೊಳ್ಳಬೇಕು.

ನಿಮ್ಮ ಪಿಎನ್‌ಜಿ ಇಲ್ಲಿ ವ್ಯರ್ಥವಾಗುವುದಿಲ್ಲ. ಅಕ್ರೊಬ್ಯಾಟ್‌ನ ‘ಪ್ರಿಫರೆನ್ಸಸ್’ನಲ್ಲಿ ‘ಸಿಗ್ನೇಚರ್ಸ್’, ಅದರಲ್ಲಿ ‘ಕ್ರಿಯೇಷನ್ ಅಂಡ್ ಅಪಿಯರೆನ್ಸ್’ ತೆರೆದು ಹೊಸ ‘ಅಪಿಯರೆನ್ಸ್’ ಮಾಡಿ, ಚಿತ್ರ ಆಮದು ಮಾಡಿಕೊಳ್ಳಿ. ‘ಡಿಜಿಟಲಿ ಸೈನ್’ ಒತ್ತಿ ಮೌಸಿನಿಂದ ಚೌಕ ಎಳೆದಾಗ ಮೇಲೆ ನಿಮ್ಮ ಕೈಬರಹ, ಒಳಗೆ ಬೀಗ.

ಟೋಕನ್ನಿನ ಬೆನ್ನಿಗೇ ಪಿನ್ ಬರೆದ ಚೀಟಿ ಅಂಟಿಸಿ ಲೆಕ್ಕ ಬರೆಯುವವರ ಮೇಜಿನ ಡ್ರಾಯರಿನಲ್ಲಿ ಬಿಡುವ ರೂಢಿ ನಮ್ಮಲ್ಲಿ ಬಹಳ. ಸಹಿ ಹಾಕಿದ ಖಾಲಿ ಚೆಕ್ಕನ್ನು ಹಾಗೆ ಬಿಡುತ್ತೀರಾ? ಕೀಲಿಯನ್ನು ಜೋಪಾನ ಮಾಡುವುದು ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ನಿಮ್ಮದೇ ಹೊಣೆ. ಕಳೆದರೆ ತಡಮಾಡದೆ ಕೊಟ್ಟ ಸಂಸ್ಥೆಗೆ ತಿಳಿಸಿ ರದ್ದು ಮಾಡಿಸಿ.

ಪ್ರಶ್ನೆ: ಅಧ್ಯಕ್ಷರು ಡಿಎಸ್‌ಸಿ ಹಾಕಿ ಕಳಿಸಿದ ಪಿಡಿಎಫ್‌ಗೆ ನಾನು ಸಹಿ ಹಾಕಲು ಹೋದರೆ ಆಗುತ್ತಿಲ್ಲ. ಅವರ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆಯೂ ಇದೆ.
– ಓದುಗರು, ಸಿರಸಿ

ಉತ್ತರ: ಸಹಿ ಹಾಕುವಾಗ ಅವರು ‘ಲಾಕ್ ಡಾಕ್ಯುಮೆಂಟ್ ಆಫ್ಟರ್ ಸೈನಿಂಗ್’ ಎಂಬ ಚೌಕಕ್ಕೆ ಟಿಕ್ ಹಾಕಿರಬೇಕು. ಲಾಕ್ ಆದದ್ದನ್ನು ತೆರೆಯುವ ಯತ್ನ ಬೇಡ, ಮೂಲ ಫೈಲಿಗೇ ಟಿಕ್ ಇಲ್ಲದೆ ಹೊಸದಾಗಿ ಸಹಿ ಹಾಕಿ ಕಳಿಸಲು ಹೇಳಿ. ಕೊನೆಯಲ್ಲಿ ಸಹಿ ಮಾಡುವವರು ಮಾತ್ರ ಲಾಕ್ ಮಾಡಲಿ. ನಡುವೆ ಯಾರೂ ‘ಪ್ರಿಂಟ್ ಟು ಪಿಡಿಎಫ್’ ಕೊಡಬಾರದು, ಕೊಟ್ಟರೆ ಸಹಿಯ ಚಿತ್ರ ಉಳಿದು ಬೀಗ ಹೋಗುತ್ತದೆ. ಪುಟ ಸೇರಿಸುವುದು, ಫೈಲು ಕೂಡಿಸುವುದು ಇದ್ದರೆ ಮೊದಲ ಸಹಿಗೆ ಮುಂಚೆಯೇ ಮುಗಿಸಿ.

ಹಳದಿ ಚಿಹ್ನೆ ಎಂದರೆ ಸಹಿ ಸುಳ್ಳು ಎಂದಲ್ಲ. ಆ ಪ್ರಮಾಣಪತ್ರ ನಿಮ್ಮ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿಲ್ಲ, ಅಷ್ಟೆ. ಸಹಿಯ ಮೇಲೆ ಬಲ ಕ್ಲಿಕ್ ಮಾಡಿ ‘ಸಿಗ್ನೇಚರ್ ಪ್ರಾಪರ್ಟೀಸ್’, ‘ಶೋ ಸೈನರ್ಸ್ ಸರ್ಟಿಫಿಕೇಟ್’ ತೆರೆಯಿರಿ. ಅಲ್ಲಿ ಕಾಣುವ ಪ್ರಮಾಣಪತ್ರಗಳ ಸರಪಳಿಯ ತುದಿಯಲ್ಲಿ ‘ಸಿಸಿಎ ಇಂಡಿಯಾ’ (ಪ್ರಮಾಣೀಕರಣ ಸಂಸ್ಥೆಗಳಿಗೆ ಪರವಾನಗಿ ಕೊಡುವ ಸರ್ಕಾರಿ ನಿಯಂತ್ರಕರು) ಎಂದಿದೆಯೇ ನೋಡಿ. ಇದ್ದರೆ ಅದನ್ನು ಆಯ್ದು ‘ಟ್ರಸ್ಟ್’ ವಿಭಾಗದಲ್ಲಿ ನಂಬಿಕೆಯ ಪಟ್ಟಿಗೆ ಸೇರಿಸಿ, ಮತ್ತೊಮ್ಮೆ ‘ವ್ಯಾಲಿಡೇಟ್’ ಒತ್ತಿ. ಇಲ್ಲದಿದ್ದರೆ ಸೇರಿಸಬೇಡಿ, ಯಾರು ಬೇಕಾದರೂ ಮನೆಯಲ್ಲೇ ಕೂತು ಯಾರದೇ ಹೆಸರಿನಲ್ಲಿ ಪ್ರಮಾಣಪತ್ರ ಹುಟ್ಟಿಸಬಹುದು. ಕೆಂಪು ಗುರುತು ಬಂದಿದ್ದರೆ ಸಂಗತಿ ಬೇರೆ: ಸಹಿಯ ನಂತರ ಫೈಲು ಬದಲಾಗಿರಬಹುದು, ಇಲ್ಲವೇ ಪ್ರಮಾಣಪತ್ರ ರದ್ದಾಗಿರಬಹುದು.

ಪ್ರಶ್ನೆ: ವರ್ಷಕ್ಕೆ ಒಂದೆರಡು ಸಹಿ ಹಾಕುವವರಿಗೂ ಟೋಕನ್ ಬೇಕೇ? ಉಯಿಲಿಗೆ ಡಿಜಿಟಲ್ ಸಹಿ ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಟೋಕನ್ ಬೇಡ. ಆಧಾರ್ ಒಟಿಪಿಯ ‘ಇ–ಸೈನ್’ ಸಾಕು, ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು. ಅದರಲ್ಲಿ ಪ್ರತಿ ಸಹಿಗೂ ಹೊಸ ಕೀಲಿ ಹುಟ್ಟಿ, ಬಳಸಿದ ಮೇಲೆ ಅಳಿಸಿಹೋಗುತ್ತದೆ. ಉಯಿಲು ಮತ್ತು ಟ್ರಸ್ಟ್ ಪತ್ರಗಳನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಉಯಿಲನ್ನು ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಎದುರು, ಪೆನ್ನಿನಲ್ಲೇ ರುಜು ಮಾಡಿ.